ಎಡಗಡೆಯ ಸೀಟು

ಹಟ್ಟಿ, ಹಂದನಕೆರೆ ಹೋಬಳಿ
೧೪-೮-೨೦೦೨

ನಮ್ಮ ಮನೆಯ ಟೀಚರಮ್ಮನಿಗೆ,

ನೀನು ಸಿಂಧನೂರಿನ ಬಸ್ಸು ಹತ್ತಿ ಹೋದ ಮೇಲೆ ಇದೇ ಮೊದಲ ಕಾಗದ. ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಅಟ್ಟದಿಂದ ಕಾಯಿ ಇಳಿಸುತ್ತಿದ್ದೇವೆ. ಹೋದ ವರ್ಷ ಏರಿಸಿದ್ದವು ಒಳಗೊಳಗೇ ಒಣಗಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಎನ್ನುತ್ತದೆ. ಅವ್ವ ಒಂದೊಂದನ್ನೂ ಅಲ್ಲಾಡಿಸಿ, ಸದ್ದು ಬಂದದ್ದನ್ನು ಮಾತ್ರ ಕೆಳಕ್ಕೆ ಕೊಡುತ್ತಾಳೆ. ಸದ್ದು ಬಾರದ್ದನ್ನು ಮತ್ತೆ ಮೂಲೆಗೆ ಸರಿಸಿ, "ನಿಂಗಿನ್ನೂ ಟೇಮ್ ಆಗಿಲ್ಲ, ಬಿದ್ಕೊ" ಅನ್ನುತ್ತಾಳೆ. ಕಾಯಿಗೆ ಹೇಳಿದಳೋ ನನಗೆ ಹೇಳಿದಳೋ ಅಂತ ಅಣ್ಣ ನಗುತ್ತಾನೆ.

ದೊಡ್ಡ ಸುದ್ದಿ ಏನೆಂದರೆ, ನಾವು ಪಿಕಪ್ ತರುತ್ತಿದ್ದೇವೆ. ಹೌದು, ಹೊಸದು. ಅಪ್ಪ ಹೋದ ಮೇಲೆ ಮನೆಯ ಯಜಮಾನಿಕೆ ನೋಡುತ್ತಿರುವ ನಮ್ಮ ಚಿತ್ತಣ್ಣ ಒಂದು ಟಾರ್ಚಿನ ಸೆಲ್ಲು ಕೊಳ್ಳಲೂ ವಾರ ಯೋಚಿಸುವವನು, ಅವನೇ ಒಪ್ಪಿದ್ದಾನೆ. ತಿಪಟೂರಿನ ಹರಾಜಿಗೆ ಕೊಬ್ಬರಿ ಸಾಗಿಸಲು ಬಾಡಿಗೆ ಟೆಂಪೋದವನ ದಾರಿ ಕಾದು ಕಾದು ಅವನಿಗೂ ಸಾಕಾಗಿದೆ. ಲೈಸೆನ್ಸ್ ಇರುವುದು ನನಗೊಬ್ಬನಿಗೇ, ಆದ್ದರಿಂದ ಡ್ರೈವರ್ ನಾನೇ.

ತುಮಕೂರಿಗೆ ಹೋಗಿ ನೋಡಿಕೊಂಡು ಬಂದೆವು. ಎರಡು ಥರ ಇವೆ. ಒಂದು ಸಿಂಗಲ್ ಕ್ಯಾಬಿನ್: ಮುಂದೆ ಒಂದೇ ಸಾಲು ಸೀಟು, ಹಿಂದೆಲ್ಲ ತೊಟ್ಟಿ, ಮೂಟೆ ಜಾಸ್ತಿ ಹಿಡಿಯುತ್ತದೆ. ಇನ್ನೊಂದು ಡಬಲ್ ಕ್ಯಾಬಿನ್: ಡ್ರೈವರ್ ಹಿಂದೆ ಇನ್ನೊಂದು ಸಾಲು ಸೀಟು, ನಾಲ್ಕು ಬಾಗಿಲು, ತೊಟ್ಟಿ ಮಾತ್ರ ಗಿಡ್ಡ. ಅಣ್ಣನ ಮನಸ್ಸು ಸಿಂಗಲ್ ಮೇಲೆ. ನಾನು ಡಬಲ್ಲೇ ಆಗಬೇಕೆಂದು ಹಟ ಹಿಡಿದಿದ್ದೇನೆ. ಯಾಕೆ ಗೊತ್ತಾ? ನಿನಗಾಗಿ. ಹೋದ ಸಲ ಸಂಪಿಗೆ ಊರಿನ ದೇವಸ್ಥಾನಕ್ಕೆ ಹೋಗಿ ಬರುವಾಗ ನೀನು, ಅವ್ವ, ಅತ್ತಿಗೆ ಟೆಂಪೋದ ಹಿಂದೆ ಖಾಲಿ ಚೀಲಗಳ ಮೇಲೆ ಕೂತು ಬಂದಿರಿ. ಇಳಿದಾಗ ನಿನ್ನ ಹುಬ್ಬಿನ ಮೇಲೂ ಧೂಳು. ನಾನು ನಕ್ಕೆ. ನೀನು ನಗಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಹಾಗೇ ಉಳಿದಿದೆ. ಇನ್ನು ಮೇಲೆ ಮೆತ್ತನೆಯ ಹಿಂದಿನ ಸೀಟಿನಲ್ಲಿ, ಗಾಜು ಏರಿಸಿಕೊಂಡು ಮಹಾರಾಣಿಯ ಹಾಗೆ ಬರುತ್ತೀಯ.

ಸೀಟಿಗೆ ಏನು ಹಾಕಿಸೋಣ, ನೀನು ಹೇಳು. ರೆಕ್ಸಿನ್ನೋ, ಬಟ್ಟೆಯೋ? ಫೋನಿನಲ್ಲಿ ಕೇಳೋಣವೆಂದರೆ ಅದು ನಡುಮನೆಯಲ್ಲಿದೆ, ಎಲ್ಲರ ಕಿವಿಯೂ ಅಲ್ಲೇ. "ಊಟ ಆಯ್ತಾ, ಮಳೆ ಬಂತಾ" ಬಿಟ್ಟು ಬೇರೇನೂ ನನ್ನ ಬಾಯಿಗೆ ಬರುವುದಿಲ್ಲ.

ನಿನ್ನ,
ಹನುಮಂತರಾಯ


ಸಿಂಧನೂರು ತಾಲ್ಲೂಕು
೨೬-೮-೨೦೦೨

ಪಿಕಪ್ ಸಾಹುಕಾರರಿಗೆ,

ನಿಮ್ಮ ಕಾಗದ ಶಾಲೆಗೇ ಬಂತು. ಹೆಡ್‌ಮಾಸ್ತರು ಕವರನ್ನು ಕೈಯಲ್ಲಿ ತೂಗಿ ನೋಡಿ, "ಏನ್ರೀ ಅಕ್ಕೋರ, ಊರಿಂದ ಪುರಾಣನ ಬಂದೈತಲ್ಲ" ಎಂದರು. ಇಲ್ಲಿ ಟೀಚರನ್ನು ಅಕ್ಕೋರು ಎನ್ನುತ್ತಾರೆ. ಮೊದಲು ಯಾರನ್ನೋ ಕರೆದಂತಿತ್ತು. ಈಗ ಊರಿಗೆ ಬಂದಾಗ ಯಾರಾದರೂ ಕೋಮಲಾ ಎಂದರೆ ತಿರುಗಿ ನೋಡಲು ಒಂದು ಕ್ಷಣ ಬೇಕಾಗುತ್ತದೆ.

ರೆಕ್ಸಿನ್ ಬೇಡ. ನಾನು ಶಾಲೆಗೆ ಹೋಗುವ ಟಂಟಂ ಆಟೋದ ಸೀಟು ರೆಕ್ಸಿನ್ನಿನದು. ಮಧ್ಯಾಹ್ನ ಅದರ ಮೇಲೆ ಕೂತರೆ ರೊಟ್ಟಿ ಹಂಚಿನ ಮೇಲೆ ಕೂತಂತೆ. ಎದ್ದರೆ ಸೀಟೂ ಸೀರೆಗೆ ಅಂಟಿಕೊಂಡು ಜೊತೆಗೆ ಬರುತ್ತದೇನೋ ಎನಿಸುತ್ತದೆ. ಬಟ್ಟೆಯೂ ಬೇಡ. ಕೊಬ್ಬರಿ ಮುಟ್ಟಿದ ಕೈಯಲ್ಲಿ ಮುಟ್ಟಿ ಮುಟ್ಟಿ ತಿಂಗಳೊಳಗೆ ಜಿಡ್ಡು ಹಿಡಿಯುತ್ತದೆ. ಹಾಗಾದರೆ ಏನು ಬೇಕು ಎಂದು ಕೇಳಬೇಡಿ. ಬೇಡದ್ದನ್ನು ಹೇಳುವುದರಲ್ಲಷ್ಟೇ ನಾನು ಜಾಣೆ ಎಂದು ನೀವೇ ಹೇಳುತ್ತೀರಲ್ಲ.

ನನ್ನ ಮನೆಯ ಒಡತಿ ಶಿವರುದ್ರಮ್ಮ ಮತ್ತು ಅವರ ಯಜಮಾನರು ದಿನಾ ಬೆಳಿಗ್ಗೆ ಟ್ರ್ಯಾಕ್ಟರಿನಲ್ಲಿ ಗದ್ದೆಗೆ ಹೋಗುತ್ತಾರೆ. ಅವರು ಓಡಿಸುತ್ತಾರೆ, ಈಕೆ ಪಕ್ಕದ ಮಡ್‌ಗಾರ್ಡ್ ಮೇಲೆ ಕೂತು ಅವರ ಭುಜ ಹಿಡಿದುಕೊಂಡಿರುತ್ತಾರೆ. ದಾರಿಯುದ್ದಕ್ಕೂ ಜಗಳ. ಎಂಜಿನ್ನಿಗಿಂತ ಇವರ ಸದ್ದೇ ಜಾಸ್ತಿ. ನಾನು ತಲೆ ಬಾಚಿಕೊಳ್ಳುತ್ತಾ ಕಿಟಕಿಯಲ್ಲಿ ನಿಂತು, ಅವರು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತೇನೆ. ಮೊನ್ನೆ ಆಕೆ ಕೇಳಿಯೇಬಿಟ್ಟರು, "ಯಾಕ್ರೀ ಅಕ್ಕೋರ, ದಿನಾ ನಮ್ಮನ್ನ ನೋಡಿ ಏನ್ ಪಾಠ ಕಲೀತೀರಿ?" ನಾನು ಬಾಚಣಿಗೆ ಹಿಡಿದುಕೊಂಡು ಒಳಗೆ ಸರಿದೆ.

ಡಬಲ್ ಕ್ಯಾಬಿನ್ ನನಗಾಗಿ ಎಂದಿರಿ, ಸಂತೋಷವಾಯಿತು. ಒಂದು ಮಾತು ಕೇಳುತ್ತೇನೆ. ಅದರಲ್ಲಿ ನಿಮ್ಮ ಪಕ್ಕದ ಸೀಟಿನಲ್ಲಿ ಯಾರು ಕೂರುತ್ತಾರೆ?

ನಿಮ್ಮ,
ಕೋಮಲಾ


ಹಟ್ಟಿ
೧೨-೯-೨೦೦೨

ಟೀಚರಮ್ಮನಿಗೆ,

ಗೌರಿ ಹಬ್ಬಕ್ಕೆ ನೀನಿಲ್ಲದೆ ಒಬ್ಬಟ್ಟು ಗಂಟಲಿಗೆ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಇಳಿಯಿತು. ಆದರೆ ನಿನ್ನ ಪಾಲಿನದನ್ನು ಅತ್ತಿಗೆ ನನ್ನ ಎಲೆಗೇ ಬಡಿಸಿದಾಗ ಬೇಡವೆಂದೆ.

ನಿನ್ನ ಪ್ರಶ್ನೆಗೆ ಉತ್ತರ: ಅಣ್ಣ. ಇನ್ಯಾರು? ಯಜಮಾನ ಮುಂದೆ ಕೂರದೆ ಹಿಂದೆ ಕೂರುತ್ತಾನಾ? ಹರಾಜಿನ ಹೊತ್ತಿಗೆ ದಾರಿಯಲ್ಲಿ ನಾಲ್ಕು ಜನ ಕೈ ಮುಗಿಯುವುದಿರುತ್ತದೆ, ಅವನು ಮುಂದೆಯೇ ಇರಬೇಕು. ಇದನ್ನೂ ಕೇಳುತ್ತೀಯಲ್ಲ.

ಅಂತೂ ಅಣ್ಣ ಡಬಲ್ಲಿಗೆ ಒಪ್ಪಿದ. ನಾನು ತಲೆ ತಿಂದದ್ದು ಸಾರ್ಥಕವಾಯಿತು. ಹಿಂದಿನ ಸೀಟಿನ ಕಿಟಕಿಗೆ ಪರದೆ ಹಾಕಿಸುವ ಯೋಚನೆಯೂ ಇದೆ, ನಿನಗೆ ಬಿಸಿಲು ತಾಗಬಾರದು. "ನಾಳೆ ಇವರ್ಗೆ ಮಕ್ಳಾದ್ರೆ ಹಿಂದ್ಗಡೆ ಆರಾಮಾಗಿ ಮಲಗ್ಸಬೋದು" ಅಂದಳು ಅತ್ತಿಗೆ. ಅವ್ವ ಅವಳ ಕಡೆ ಒಂದು ಸಲ ನೋಡಿದಳು, ಅತ್ತಿಗೆ ಮಾತು ಬದಲಿಸಿದಳು. ನೀನು ಬೇಜಾರು ಮಾಡಿಕೊಳ್ಳಬೇಡ, ಅವಳ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ.

ಸೀಟಿನ ವಿಷಯಕ್ಕೆ ತಿಪಟೂರಿನಲ್ಲಿ ಸೀಟು ಹೊಲಿಯುವ ಶಿವಣ್ಣನನ್ನು ಕೇಳಿದೆ. ಅವನು ಬಾಯಿ ಬಿಟ್ಟರೆ ಬೇಗ ಮುಚ್ಚುವವನಲ್ಲ. ಕಂಪನಿಯ ಫೋಮ್ ಸೀಟು ತೆಗೆಸಿ ತೆಂಗಿನ ನಾರು ತುಂಬಿಸು ಅಂದ. "ಫೋಮು ನೀನ್ ಎದ್ದ ತಕ್ಷಣ ತಾನೂ ಎದ್ಬುಡ್ತದೆ ಕಣಪ್ಪ. ಕೂತಿದ್ದೋರ್ ಗ್ಯಾನನೇ ಇರಲ್ಲ ಅದಕ್ಕೆ. ನಾರು ಹಂಗಲ್ಲ, ಕೂತೋರ್ ಅಳತೆಗೆ ನಿಧಾನಕ್ಕೆ ತಗ್ಗಿ ಹಂಗೇ ಮಡಿಕ್ಕಂತದೆ." ನನಗೆ ಅದು ಹಿಡಿಸಿತು. ನಮ್ಮ ತೋಟದ ಕಾಯಿ ಸಿಪ್ಪೆಯೇ ನಾರಾಗಿ ನಮ್ಮ ಸೀಟಿಗೆ ಬಂದರೂ ಬರಬಹುದು. ಮೇಲೆ ಏನು ಹೊದಿಸುವುದು ಎಂಬುದು ಮಾತ್ರ ಇನ್ನೂ ಬಾಕಿ.

ದಸರಾ ರಜಕ್ಕೆ ಬರುತ್ತೀಯಲ್ಲ, ಆಗ ಮಾತಾಡೋಣ.

ನಿನ್ನ,
ಹನುಮಂತರಾಯ


ಸಿಂಧನೂರು ತಾಲ್ಲೂಕು
೧೦-೧೧-೨೦೦೨

ರೀ,

ರಜದಲ್ಲಿ ಮನೆಯಲ್ಲಿದ್ದಷ್ಟು ದಿನವೂ ಇದನ್ನು ಹೇಳಬೇಕೆಂದಿದ್ದೆ. ಹಗಲೆಲ್ಲ ನಾನು ಓರಗಿತ್ತಿ ಅಕ್ಕನ ಜೊತೆ ಒಲೆಯ ಮುಂದೆ, ಇಲ್ಲವೇ ಅತ್ತೆಯ ಜೊತೆ ಕೊಬ್ಬರಿಯ ಮುಂದೆ. ನೀವು ಭಾವನ ಹಿಂದೆ ತೋಟದಲ್ಲಿ. ನಾವಿಬ್ಬರೇ ಆದಾಗ ನಿಮಗೆ ನಿದ್ದೆ. ಬೈಯುತ್ತಿಲ್ಲ, ಹಗಲೆಲ್ಲ ದುಡಿದವರಿಗೆ ನಿದ್ದೆ ಬರದೆ ಇರುತ್ತದೆಯೇ. ನನಗೂ ಎದುರಿಗೆ ಬಾಯಿ ಬರುವುದಿಲ್ಲ, ಬರೆಯಲು ಕೂತರೆ ಮಾತ್ರ ಧೈರ್ಯ.

ನನಗೆ ಡಬಲ್ ಕ್ಯಾಬಿನ್ ಬೇಡ.

ಮದುವೆಯಾಗಿ ತುರುವೇಕೆರೆಯ ನಮ್ಮ ಮನೆಯಿಂದ ಹಟ್ಟಿಗೆ ಕರೆತಂದ ದಿನ ನೆನಪು ಮಾಡಿಕೊಳ್ಳಿ. ಮೆಟಡೋರಿನ ಮುಂದೆ ಡ್ರೈವರ್, ಭಾವ, ನೀವು. ಹಿಂದೆ ಪಾತ್ರೆ ಪಡಗ, ಹಾಸಿಗೆ ಸುರುಳಿ, ಅತ್ತೆ, ನಾನು. ಸಂಪಿಗೆಗೆ ಹೋದಾಗಲೂ ಹಾಗೆಯೇ. ಬಸ್ಸಿನಲ್ಲಾದರೆ ನಾನು ಹೆಂಗಸರ ಸೀಟಿನಲ್ಲಿ, ನೀವು ಹಿಂದಿನ ಬಾಗಿಲ ಹತ್ತಿರ. ಊರು ಬಂದಾಗ ಅಲ್ಲಿಂದಲೇ "ಇಳ್ಕೊ" ಎಂದು ಕೂಗುತ್ತೀರಿ. ನಡೆದು ಹೋದರೆ ನೀವು ಮುಂದೆ, ನಾನು ಹಿಂದೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾವು ಪಕ್ಕಪಕ್ಕದಲ್ಲಿ ಕೂತದ್ದು ಒಂದೇ ಸಲ, ಮದುವೆಯ ದಿನ ಹಸೆಗೆ ಹಾಸಿದ ಆ ಕರಿಕಂಬಳಿಯ ಮೇಲೆ. ಅವತ್ತು ತಲೆ ತಗ್ಗಿಸಿಕೊಂಡಿದ್ದೆ. ನಿಮ್ಮ ಮೊಣಕಾಲು ಬಿಟ್ಟು ಬೇರೇನೂ ಕಾಣಲಿಲ್ಲ.

ನಿಮ್ಮ ಬೆನ್ನು ನನಗೆ ಚೆನ್ನಾಗಿ ಗೊತ್ತು. ಕತ್ತಿನ ಹಿಂದೆ, ಎಡಕ್ಕೆ, ಒಂದು ಮಚ್ಚೆ ಇದೆ. ನಿಮಗೇ ಗೊತ್ತಿರಲಾರದು. ಕ್ಷೌರ ಮಾಡಿಸಿಕೊಂಡ ದಿನ ಕಿವಿಯ ಹಿಂದೆ ಬಿಸಿಲು ಕಾಣದ ಬಿಳಿ ಗೆರೆಯೊಂದು ಕಾಣುತ್ತದೆ. ಇಲ್ಲಿ ಒಬ್ಬಳೇ ಇರುವಾಗ ನಿಮ್ಮನ್ನು ನೆನೆಸಿಕೊಂಡರೆ ಮೊದಲು ಬರುವುದೂ ಆ ಬೆನ್ನೇ. ಮುಖ ತಂದುಕೊಳ್ಳಲು ಕಷ್ಟಪಡಬೇಕು. ಡಬಲ್ ಕ್ಯಾಬಿನ್ ಬಂದರೆ ಅದೇ ಬೆನ್ನನ್ನು ಮೆತ್ತನೆಯ ಸೀಟಿನಲ್ಲಿ ಕೂತು ನೋಡುತ್ತೇನೆ. ಅಷ್ಟೇ ವ್ಯತ್ಯಾಸ.

ಸಿಂಗಲ್ ತನ್ನಿ. ಹಿಂದೆ ಸೀಟೇ ಇಲ್ಲದಿದ್ದರೆ ನನ್ನನ್ನೂ ಮುಂದೆಯೇ ಕೂರಿಸಿಕೊಳ್ಳಬೇಕಾಗುತ್ತದೆ. ನಿಮ್ಮ ಪಕ್ಕ ಕೂತು ಒಂದು ಸಲ ತಿಪಟೂರಿಗೆ ಹೋಗಿ ಬರಬೇಕು. ಅಲ್ಲಿ ಏನೂ ಕೊಡಿಸಬೇಡಿ. ಹೋಗಿ ಬಂದರೆ ಸಾಕು.

ನಿಮ್ಮ,
ಕೋಮಲಾ


ಹಟ್ಟಿ
೨೫-೧೧-೨೦೦೨

ಕೋಮಲಾ,

ನಿನ್ನ ಕಾಗದವನ್ನು ಅಟ್ಟ ಹತ್ತಿ ಓದಿದೆ. ಓದಿ ಅಲ್ಲೇ ಕೂತಿದ್ದೆ. ಅವ್ವ ಕೆಳಗಿನಿಂದ "ಏನ್ಲಾ, ಕಾಯಿ ಜೊತೆ ನೀನೂ ಒಣಗ್ತಾ ಇದೀಯಾ" ಅಂತ ಕೂಗಿದ ಮೇಲೆ ಇಳಿದೆ. ಎರಡು ಕನ್ನಡಿ ಹಿಡಿದು ನೋಡಿಕೊಂಡೆ. ಮಚ್ಚೆ ಇದೆ.

ಅಣ್ಣ ಹೋಗಿ ಡಬಲ್ಲಿಗೆ ಮುಂಗಡ ಕಟ್ಟಿ ಬಂದಿದ್ದಾನೆ. ಬೇಡ ಬೇಡ ಅನ್ನುತ್ತಿದ್ದವನನ್ನು ಒಪ್ಪಿಸಿದವನು ನಾನು. ಈಗ ನಾನೇ ಹೋಗಿ ಸಿಂಗಲ್ ಸಾಕು ಎಂದರೆ ಯಾಕೆ ಅನ್ನುತ್ತಾನೆ. ಏನು ಹೇಳಲಿ? ಹೆಂಡತಿ ಪಕ್ಕದಲ್ಲಿ ಕೂರಬೇಕಂತೆ ಅನ್ನಲೇ? ಒಂದು ಸಲ ಬಾಯಿಯವರೆಗೂ ಬಂತು. ಅವನು ಬೀಡಿ ಹಚ್ಚುತ್ತಿದ್ದ, ತಲೆಯೆತ್ತಿ "ಏನ್ಲಾ?" ಅಂದ. "ಮೋಟ್ರು ಆಫ್ ಮಾಡ್ಬೇಕು" ಅಂದು ತೋಟಕ್ಕೆ ಹೋದೆ. ಮೋಟರು ಓಡುತ್ತಲೇ ಇರಲಿಲ್ಲ, ಅವತ್ತು ಕರೆಂಟೇ ಇರಲಿಲ್ಲ.

ಇನ್ನೊಂದು ವಿಷಯವೂ ಇದೆ. ಸಿಂಗಲ್ ತಂದರೆ ಅವ್ವ, ಅತ್ತಿಗೆ ಮತ್ತೆ ಮೂಟೆಯ ಮೇಲೆ. ಅವ್ವನ ಮಂಡಿ ನೋವು ನೀನೇ ನೋಡಿದ್ದೀಯ. ಅವಳನ್ನು ಹಿಂದೆ ಹತ್ತಿಸಿ ನಾವಿಬ್ಬರು ಮುಂದೆ ಕೂತರೆ ನನಗೆ ಸ್ಟೇರಿಂಗ್ ಹಿಡಿಯಲು ಕೈ ಬರುತ್ತದಾ?

ನನಗೆ ಆಸೆ ಇಲ್ಲವೆಂದು ತಿಳಿಯಬೇಡ. ಇದೆ. ಅದನ್ನು ಈ ಮನೆಯಲ್ಲಿ ಎಲ್ಲಿಟ್ಟುಕೊಳ್ಳಲಿ ಎಂದು ಗೊತ್ತಾಗುತ್ತಿಲ್ಲ. ಸದ್ಯಕ್ಕೆ ನೀನೇ ಸ್ವಲ್ಪ ಹೊಂದಿಕೊ.

ನಿನ್ನ,
ಹನುಮಂತರಾಯ


ಸಿಂಧನೂರು ತಾಲ್ಲೂಕು
೯-೧೨-೨೦೦೨

ಇವರಿಗೆ,

ಡಬಲ್ಲೇ ತನ್ನಿ. ಅತ್ತೆ ಮೂಟೆಯ ಮೇಲೆ ಕೂರುವುದು ನನಗೂ ಬೇಡ.

ವರ್ಗಾವಣೆಗೆ ಈ ಸಲ ನಾನೂ ಅರ್ಜಿ ಹಾಕಬಹುದಂತೆ. ಫೆಬ್ರವರಿ ಮುಗಿಯುವುದರೊಳಗೆ ಕೊಡಬೇಕು. ಕಾರಣ ಬರೆಯಲು ಒಂದು ಸಾಲು ಬಿಟ್ಟಿದ್ದಾರೆ. ಪೆನ್ನು ಹಿಡಿದು ಕೂತೆ, ಏನು ಬರೆಯುವುದು ತಿಳಿಯಲಿಲ್ಲ. ಹೊಂದಿಕೊಳ್ಳುವುದೇ ಆದರೆ ಇಲ್ಲಿ ಹೊಂದಿಕೊಂಡೇ ಇದ್ದೇನೆ. ಅದಕ್ಕಾಗಿ ಅಷ್ಟು ದೂರ ಬರಬೇಕಾಗಿಲ್ಲ. ಅರ್ಜಿಯನ್ನು ಟ್ರಂಕಿನಲ್ಲಿ ಹಾಕಿಟ್ಟಿದ್ದೇನೆ.

ಸಂಕ್ರಾಂತಿಗೆ ಬರುವುದಿಲ್ಲ. ಶಾಲೆಯಲ್ಲಿ ಕೆಲಸವಿದೆ.

ಕೋಮಲಾ


ಹಟ್ಟಿ
೨-೨-೨೦೦೩

ಕೋಮಲಾ,

ನಿನಗೆ ಬರೆದು ಬರೆದು ಹರಿದುಹಾಕಿದೆ. ಸಂಕ್ರಾಂತಿಯ ದಿನ ನಡುಮನೆಯ ಫೋನಿನಲ್ಲಿ "ಎಳ್ಳು ಬೀರಿದ್ಯಾ" ಎಂದೆ, ನೀನು "ಹೂಂ" ಎಂದೆ. ಫೋನ್ ಇಟ್ಟದ್ದು ನೀನೇ ಮೊದಲು.

ಅವತ್ತು ಸಂಜೆ ಅವ್ವ ಕೊಬ್ಬರಿ ಬಿಡಿಸುತ್ತಾ ಕೂತಿದ್ದಳು. ನಾನು ಚಿಪ್ಪು ಒಡೆದು ಕೊಡುತ್ತಿದ್ದೆ.

"ಆ ಹೆಣ್ಮಗ ಹಬ್ಬಕ್ಕೂ ಬರ್ಲಿಲ್ಲ. ಏನಂದೆ ಅದಕ್ಕೆ?"

"ಏನೂ ಅಂದಿಲ್ಲ ಕಣವ್ವ."

"ಏನೂ ಅನ್ನದೆ ಇದ್ದುದ್ಕೇ ಬರ್ಲಿಲ್ಲ ಅನ್ನು."

ತಡೆದುಕೊಳ್ಳಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಮೆಟಡೋರು, ಬಸ್ಸು, ಬೆನ್ನು, ಎಲ್ಲ. ಹೇಳುವಾಗ ನನ್ನ ಕಿವಿ ಬಿಸಿಯಾಗಿತ್ತು. ಅವ್ವ ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಕೈಯಲ್ಲಿದ್ದ ಕೊಬ್ಬರಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನಿಮ್ಮಪ್ಪನ ಜೊತೆ ಎತ್ತಿನ ಗಾಡೀಲಿ ಹೋಗೋವಾಗ ನಾನೂವೆ ಹಿಂದ್ಗಡೆ ಕಾಲ್ ಇಳಿಬಿಟ್ಕಂಡು ಕೂರ್ತಿದ್ದೆ ಕಣ್ಲಾ. ಬಂದ ದಾರಿ ನೋಡ್ಕಂಡೇ ಹೋಗಿದ್ದು. ಹೋಗೋ ದಾರಿ ಹೆಂಗಿರ್ತದೆ ಅಂತ ಒಂದಿನಾನೂ ಕಾಣ್ಲಿಲ್ಲ." ಅಷ್ಟು ಹೇಳಿ ಮತ್ತೆ ಕೆಲಸಕ್ಕೆ ಕೈ ಹಚ್ಚಿದಳು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಹೋದ ವಾರ ಗಾಡಿ ಬಂತು. ಬಿಳಿ ಬಣ್ಣ, ಡಬಲ್ ಕ್ಯಾಬಿನ್. ತರುವಾಗಲೇ ತಿಪಟೂರಿನಲ್ಲಿ ಬಿಟ್ಟು, ಮುಂದಿನ ಎರಡು ಸೀಟು ತೆಗೆಸಿ, ಬಾಗಿಲಿನಿಂದ ಬಾಗಿಲಿಗೆ ನಾರಿನ ಒಂದೇ ಉದ್ದ ಸೀಟು ಮಾಡಿಸಿದೆ. ಹಾಗೆ ಮಾಡಿಸು ಎಂದವಳು ಅವ್ವ. ಯಾಕೆಂದು ಹೇಳಿರಲಿಲ್ಲ. ಗೇರ್ ರಾಡಿಗೆ ಜಾಗ ಬಿಡಲು ಶಿವಣ್ಣ ಮುಂದೆ ಸ್ವಲ್ಪ ಕೊರೆದುಕೊಟ್ಟ, ಬೈಯುತ್ತಲೇ.

ಮನೆ ಮುಂದೆ ಪೂಜೆ ಆಯಿತು, ನಿಂಬೆಹಣ್ಣು ಚಕ್ರಕ್ಕೆ ಸಿಕ್ಕಿ ಚಪ್ಪಟೆಯಾಯಿತು. ಹುಳಿಯಾರಿನವರೆಗೆ ಒಂದು ಸುತ್ತು ಹೋಗಿ ಬರೋಣವೆಂದು ಎಲ್ಲ ಹೊರಟರು. ಅತ್ತಿಗೆ ಆಗಲೇ ಹಿಂದೆ ಕೂತಿದ್ದಳು. ಅಣ್ಣ ಹೊಸ ಪಂಚೆ ಎತ್ತಿಕೊಂಡು ಮುಂದಿನ ಮೆಟ್ಟಿಲ ಮೇಲೆ ಕಾಲಿಟ್ಟ. ಆಗ ಅವ್ವ ಒಳಗಿಂದ ಬಂದಳು, ತೋಳಿನ ಮೇಲೆ ನಮ್ಮ ಕರಿಕಂಬಳಿ. ಪೆಟ್ಟಿಗೆಯ ತಳದಲ್ಲಿದ್ದದ್ದು, ಬೇವಿನೆಲೆಯ ವಾಸನೆ ಇನ್ನೂ ಹೋಗಿರಲಿಲ್ಲ. ನನ್ನನ್ನು ಇಳಿಸಿ, ಆ ಬಾಗಿಲಿನಿಂದ ಈ ಬಾಗಿಲಿನವರೆಗೆ ಸೀಟಿನ ಮೇಲೆ ಅದನ್ನು ಹಾಸಿದಳು.

"ಇದ್ಯಾಕವ್ವ?" ಅಂದ ಅಣ್ಣ.

"ಹೊಸ ಗಾಡಿ ಕಣ್ಲಾ ಚಿತ್ತ. ಕಣ್ಣಾಗ್ಬಾರ್ದು."

"ಅದು ಇವನ ಹಸೆ ಕಂಬಳಿ ಅಲ್ವಾ?"

"ಹೂಂ ಕಣಪ್ಪ. ಇವ್ನು, ಇವನೆಂಡ್ತಿ ಕೂತಿದ್ದ ಕಂಬ್ಳಿ. ನೀನ್ ಕೂರಂಗಿದ್ರೆ ಕೂತ್ಕೊ."

ಹಸೆಯ ಕಂಬಳಿಯ ಮೇಲೆ ಆ ಗಂಡಹೆಂಡಿರು ಬಿಟ್ಟು ಇನ್ನೊಬ್ಬರು ಕೂರುವುದು ನಮ್ಮಲ್ಲಿ ಉಂಟೇ? ಅಣ್ಣ ಕೆಂಡ ತುಳಿದವನಂತೆ ಕಾಲು ತೆಗೆದ. ಅವ್ವನ ಮುಖ ನೋಡಿದ, ನನ್ನ ಮುಖ ನೋಡಿದ. ನಾನು ಚಕ್ರ ನೋಡಿದೆ. ಆಮೇಲೆ ಹಿಂದಿನ ಬಾಗಿಲು ತೆಗೆದು ಅತ್ತಿಗೆಯ ಪಕ್ಕ ಕೂತ. ಅವಳ ಆ ಕಡೆ ಅವ್ವ. ಹುಳಿಯಾರು ದಾರಿಯಲ್ಲಿ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದೆ. ಅಣ್ಣ ಬಿಗಿಯಾಗಿ ಕೂತಿದ್ದ. ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ವಾಪಸ್ ಬರುವಾಗ ನೋಡುತ್ತೇನೆ, ಇಬ್ಬರೂ ಯಾವುದೋ ತೋಟ ತೋರಿಸಿಕೊಂಡು ಮಾತಿಗೆ ಬಿದ್ದಿದ್ದಾರೆ. ಅವರಿಬ್ಬರು ಅಷ್ಟು ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಮಾರನೆಯ ದಿನ ಶಿವಣ್ಣ ಕಂಬಳಿಯನ್ನು ಅಳತೆಗೆ ಕತ್ತರಿಸಿ ಹೊಲಿಯುತ್ತೇನೆ ಎಂದ. ಕತ್ತರಿ ತಾಗಿಸಕೂಡದು ಎಂದು ಅವ್ವ ಹೇಳಿ ಕಳಿಸಿದ್ದಳು. ಅಂಚು ಮಡಿಸಿ, ಸೀಟಿನ ಅಡಿಯಲ್ಲಿ ಹುರಿ ಹಾಕಿ ಕಟ್ಟಿದ್ದೇವೆ. ರೆಕ್ಸಿನ್ನೂ ಅಲ್ಲ, ಬಟ್ಟೆಯೂ ಅಲ್ಲ, ನೀನು ಕೇಳಿದ ಹಾಗೆಯೇ ಆಯಿತು.

ಎಡಗಡೆ ಖಾಲಿ ಇದೆ. ದಾರಿಯಲ್ಲಿ ಪರಿಚಯದವರು ಕೈ ಅಡ್ಡ ಹಿಡಿದು ಮುಂದಿನ ಬಾಗಿಲಿಗೆ ಬರುತ್ತಾರೆ, ಕಂಬಳಿ ನೋಡಿ ಹಿಂದಕ್ಕೆ ಹೋಗುತ್ತಾರೆ. ಹೊಂದಿಕೊ ಎಂದು ಬರೆದೆನಲ್ಲ, ಆ ಮಾತನ್ನು ಮರೆತುಬಿಡು. ಟ್ರಂಕಿನಿಂದ ಅರ್ಜಿ ತೆಗೆ. ಕಾರಣ ಬರೆಯಲು ತಿಳಿಯದಿದ್ದರೆ ನಾನು ಹೇಳಿಕೊಡುತ್ತೇನೆ. ಗಂಡನ ಪಕ್ಕದ ಸೀಟು ಖಾಲಿ ಇದೆ ಎಂದು ಬರೆ.

ನಿನ್ನ,
ಹನುಮಂತರಾಯ


ಸಿಂಧನೂರು ತಾಲ್ಲೂಕು
೧೬-೨-೨೦೦೩

ರೀ,

ನಿಮ್ಮ ಕಾಗದವನ್ನು ಟಂಟಂನಲ್ಲಿ ಓದಿದೆ. ನಗು ಬಂತು, ಆಮೇಲೆ ಅಳು ಬಂತು. ಪಕ್ಕದಲ್ಲಿದ್ದ ಹೆಂಗಸು "ಊರಾಗ ಎಲ್ಲಾರೂ ಆರಾಮ ಅದಾರಿಲ್ರಿ?" ಎಂದು ಗಾಬರಿಯಾಗಿ ಕೇಳಿದಳು. ಎಲ್ಲರೂ ಆರಾಮಾಗಿದ್ದಾರೆ, ನಮ್ಮ ಭಾವ ಹಿಂದಿನ ಸೀಟಿಗೆ ಹೋಗಿದ್ದಾರೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ಕಂಬಳಿಯ ಮಾತು ಬರೆದದ್ದು ನಾನು. ಓದಿದವರು ನೀವು. ಹೊಳೆದದ್ದು ಓದು ಬಾರದ ನಮ್ಮ ಅತ್ತೆಗೆ. ಅವರಿಗೆ ಏನು ಹೇಳಿ ಕಳಿಸಲಿ ತಿಳಿಯದು. ಒಂದು ಮಾಡಿ. ತಿಪಟೂರಿಗೆ ಹೋಗುವಾಗ ಒಂದು ದಿನ ಅವರನ್ನು ಮುಂದೆ ಕೂರಿಸಿಕೊಂಡು ಹೋಗಿ, ಹೋಗುವ ದಾರಿ ನೋಡಲಿ. ಕಂಬಳಿಯ ಮೇಲೆ ಕೂರಲು ಅವರು ಒಪ್ಪದಿದ್ದರೆ ಸೊಸೆಯೇ ಹೇಳಿದ್ದಾಳೆ ಎನ್ನಿ.

ಅರ್ಜಿ ಕೊಟ್ಟೆ. ನೀವು ಹೇಳಿದ ಕಾರಣ ಬರೆದಿದ್ದರೆ ಆಫೀಸಿನವರು ಬಿದ್ದು ಬಿದ್ದು ನಗುತ್ತಿದ್ದರು. "ಕೌಟುಂಬಿಕ ಕಾರಣ" ಎಂದು ಬರೆದೆ. ಎರಡೂ ಒಂದೇ.

ಏಪ್ರಿಲಿನಲ್ಲಿ ಪರೀಕ್ಷೆ ಮುಗಿದ ಕೂಡಲೇ ಬರುತ್ತೇನೆ. ಹುಳಿಯಾರಿನ ಬಸ್ ಸ್ಟ್ಯಾಂಡಿಗೆ ಗಾಡಿ ತನ್ನಿ. ಒಬ್ಬರೇ ಬನ್ನಿ.

ನಿಮ್ಮ,
ಕೋಮಲಾ


ಸಿಂಧನೂರು ತಾಲ್ಲೂಕು
೮-೬-೨೦೦೩

ರೀ,

ಬಂದು ತಲುಪಿದೆ. ಬೀಗ ತೆಗೆದರೆ ಕೋಣೆಯಲ್ಲಿ ಬೇಸಿಗೆಯೆಲ್ಲ ಹಾಗೇ ತುಂಬಿಕೊಂಡಿತ್ತು.

ನಮ್ಮಿಬ್ಬರನ್ನು ನೆನೆಸಿಕೊಂಡರೆ ನಗು ಬರುತ್ತದೆ. ಅಷ್ಟೆಲ್ಲ ಕಾಗದ ಬರೆದು, ಅತ್ತೆಯ ಕೈಯಲ್ಲಿ ಕಂಬಳಿ ಹಾಸಿಸಿ, ಹುಳಿಯಾರಿನಲ್ಲಿ ನಿಮ್ಮ ಪಕ್ಕ ಹತ್ತಿ ಕೂತೆನಲ್ಲ, ಮನೆ ಬರುವವರೆಗೆ ನಾವು ಆಡಿದ್ದೇನು? ನೀವು "ಬಿಸಿಲು ಜಾಸ್ತಿ" ಎಂದಿರಿ, ನಾನು "ಹೂಂ" ಎಂದೆ. ನಿಮ್ಮ ಕಡೆ ತಿರುಗಲು ನಾಚಿಕೆಯಾಗಿ ಬಾಗಿಲಿಗೆ ಅಂಟಿಕೊಂಡು ರಸ್ತೆಯನ್ನೇ ನೋಡಿದೆ. ಮಾತಿಲ್ಲದಿದ್ದರೂ ಆ ದಾರಿ ಮುಗಿಯಬಾರದು ಎನಿಸಿತ್ತು.

ತಿಪಟೂರಿಗೆ ಕೊಬ್ಬರಿ ಹಾಕಿಕೊಂಡು ಹೋದ ದಿನ ಧೈರ್ಯ ಮಾಡಿ ನೋಡಿದೆ. ಗೇರು ಬದಲಿಸುವಾಗಲೆಲ್ಲ ನೀವು ಕೆಳತುಟಿ ಕಚ್ಚುತ್ತೀರಿ. ಎದುರಿಗೆ ಲಾರಿ ಬಂದರೆ ನಿಮ್ಮ ಒಂದೇ ಹುಬ್ಬು ಮೇಲೇರುತ್ತದೆ. ಇವು ಯಾವುವೂ ನನಗೆ ಗೊತ್ತಿರಲಿಲ್ಲ. ಈಗ ಇಲ್ಲಿ ಕಣ್ಣು ಮುಚ್ಚಿದರೆ ಮುಖವೇ ಬರುತ್ತದೆ. ಬೆನ್ನು ಬರುವುದಿಲ್ಲ. ಅದೇ ಕಷ್ಟವಾಗಿದೆ. ಬೆನ್ನನ್ನು ಬಿಟ್ಟು ಇರುವುದು ಸುಲಭವಿತ್ತು.

ವರ್ಗಾವಣೆಯ ಪಟ್ಟಿ ಬಂದಿದೆ. ನನ್ನ ಹೆಸರಿಲ್ಲ. ಮುಂದಿನ ವರ್ಷ ಆಗಬಹುದು ಎಂದರು. ಶಿವರುದ್ರಮ್ಮ ಇವತ್ತು ಬೆಳಿಗ್ಗೆ ಟ್ರ್ಯಾಕ್ಟರ್ ಹತ್ತುವ ಮೊದಲು ನನ್ನ ಕಿಟಕಿಯ ಕಡೆ ನೋಡಿದರು. ನಾನು ಅಲ್ಲಿರಲಿಲ್ಲ, ಒಳಗೆ ಕೂತಿದ್ದೆ.

ಕಂಬಳಿ ತೆಗೆದು ಪೆಟ್ಟಿಗೆಯಲ್ಲಿಡಿ. ಭಾವ ಮೊದಲಿನಂತೆ ಮುಂದೆ ಕೂರಲಿ. ಇನ್ನೂ ಒಂದು ವರ್ಷ ಖಾಲಿ ಸೀಟು ಹೊತ್ತುಕೊಂಡು ನೀವು ಊರೆಲ್ಲ ತಿರುಗುವುದು ಬೇಡ.

ನಿಮ್ಮ,
ಕೋಮಲಾ


ಹಟ್ಟಿ
೨೨-೬-೨೦೦೩

ನನ್ನ ಕೋಮಲಾ,

ಪಟ್ಟಿಯ ವಿಷಯ ಅವ್ವನಿಗೆ ಹೇಳಿದೆ. ಎದ್ದು ಅಟ್ಟ ಹತ್ತಿ ಕಾಯಿ ಅಲ್ಲಾಡಿಸಿ ನೋಡಿದಳು, ಮಂಡಿ ನೋವಿದ್ದರೂ. ಈ ಸಲದ ಕಾಯಿ ಏರಿಸಿಯಾಗಿದೆ. ಹೊಸ ಕಾಯಿ, ಅಲ್ಲಾಡಿಸಿದರೆ ನೀರಿನ ಸದ್ದು ಮಾತ್ರ. ನಿನ್ನ ಮುಂದಿನ ಪಟ್ಟಿ ಬರುವ ಹೊತ್ತಿಗೆ ಇವೂ ಒಣಗಿ ಮಾತಾಡುತ್ತವೆ.

ನಿನಗೆ ಒಂದು ವಿಷಯ ಹೇಳಬೇಕು. ಅವತ್ತು ಹುಳಿಯಾರಿನಿಂದ ಬರುವಾಗ ಮಾತಾಡಲು ನಾನು ಏನೇನೋ ಸಿದ್ಧ ಮಾಡಿಕೊಂಡು ಬಂದಿದ್ದೆ. ನೀನು ಹತ್ತಿ ಕೂತು ಬಾಗಿಲು ಎಳೆದುಕೊಂಡ ಸದ್ದಿಗೆ ಎಲ್ಲ ಮರೆತುಹೋಯಿತು. ಬಿಸಿಲು ಜಾಸ್ತಿ ಎನ್ನುವುದೊಂದೇ ನೆನಪಿಗೆ ಬಂದದ್ದು. ಅದೂ ಅವತ್ತು ಮೋಡ ಇತ್ತು.

ಕಂಬಳಿ ತೆಗೆಯುವುದಿಲ್ಲ. ನಿನ್ನ ಮಾತಿಗೆ ಬೆಲೆ ಕೊಟ್ಟು ಅಣ್ಣನನ್ನು ಕೇಳಿದೆ, ಮುಂದೆ ಬರುತ್ತೀಯಾ ಎಂದು. "ನಂಗೆ ಹಿಂದ್ಲೇ ಚೆಂದಾಗೈತೆ ಬುಡು" ಅಂದ. ಅತ್ತಿಗೆ ಈಗ ಹರಾಜಿನ ದಿನವೆಲ್ಲ ಹೊಸ ಸೀರೆ ಉಟ್ಟು ಹೊರಡುತ್ತಾಳೆ. ಅವ್ವನನ್ನು ಒಂದು ದಿನ ಮುಂದೆ ಕರೆದೆ. ಸೊಸೆ ಹೇಳಿದ್ದಾಳೆ ಎಂದರೂ ಕೂರಲಿಲ್ಲ. ಹಿಂದಿನಿಂದ ನಮ್ಮಿಬ್ಬರ ಸೀಟಿನ ಮೇಲಿಂದ ತಲೆ ಚಾಚಿ ತಿಪಟೂರಿನವರೆಗೂ ದಾರಿ ನೋಡಿಕೊಂಡು ಬಂದಳು.

ನಿನ್ನೆ ಶಿವಣ್ಣ ಗಾಡಿ ನೋಡಿ ಬೈದ. "ಏನ್ಲಾ ಹನ್ಮಂತ್ರಾಯ, ಒಬ್ಬನೇ ಕೂತೂ ಕೂತೂ ಸೀಟು ವಾಲಿಸ್ಬುಟ್ಟಿದೀಯ. ಬಲ್ಗಡೆ ಗುಂಡಿ ಬಿದ್ದೈತೆ, ಎಡ್ಗಡೆ ತುಂಬಿದ್ದು ತುಂಬಿದಂಗೇ ಐತೆ. ನಾರು ಬಿಚ್ಚಿ ಸಮ ಮಾಡ್ಕೊಡ್ಲಾ?" ಬೇಡ ಎಂದೆ.

ಅವನು ಅತ್ತ ಹೋದ ಮೇಲೆ ಕಂಬಳಿಯ ಅಡಿಗೆ ಕೈ ಹಾಕಿ ಎಡಗಡೆಯೆಲ್ಲ ತಡವಿ ನೋಡಿದೆ. ಶಿವಣ್ಣ ಹೇಳಿದ್ದು ಪೂರ್ತಿ ನಿಜವಲ್ಲ. ಬಾಗಿಲಿನ ಪಕ್ಕದಲ್ಲಿ, ಅಂಚಿಗೇ, ಸಣ್ಣದೊಂದು ತಗ್ಗು ಇದೆ. ನಿನ್ನದೇ. ಬೇಸಿಗೆಯೆಲ್ಲ ಬಾಗಿಲಿಗೆ ಅಂಟಿಕೊಂಡು ಕೂತಿದ್ದೆಯಲ್ಲ. ನಾರು ಅದನ್ನು ಹಾಗೇ ಇಟ್ಟುಕೊಂಡಿದೆ. ಅದಕ್ಕೂ ನನ್ನ ಗುಂಡಿಗೂ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಮಟ್ಟಸವಾಗಿ ಉಳಿದಿದೆ.

ಮುಂದಿನ ಸಲ ಬಂದಾಗ ಸ್ವಲ್ಪ ಈ ಕಡೆಗೆ ಸರಿದು ಕೂತುಕೊ.

ನಿನ್ನ,
ಹನುಮಂತರಾಯ